ಅಲುಗಾಡುವ ಸ್ಟ್ಯಾಂಡ್ ತೆಗೆದು ಪ್ಲೈವುಡ್ ಪೀಠ ಮಾಡಿದ್ದು: ಪುಣೆಯ ಟೆರೇಸ್ ಮೇಲೆ ಒಂದು ಹಳೇ ಟೆಲಿಸ್ಕೋಪ್

ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಬಹಳ ಬೇಗ ಅದನ್ನು ಮಂಚದ ಕೆಳಗೆ ತಳ್ಳಿಬಿಡುವುದನ್ನು ನೋಡಿದ್ದೇನೆ. ಅದರ ಕನ್ನಡಿ ಕೆಟ್ಟದ್ದು ಅಂತಲ್ಲ. ಸ್ಟ್ಯಾಂಡ್ ಗಟ್ಟಿಯಾಗಿ ನಿಲ್ಲುವುದಿಲ್ಲ, ಅದಕ್ಕೆ. ಕೈ ತಾಗಿದರೆ ಗ್ರಹ ಕುಣಿಯುತ್ತೆ. ಫೋಕಸ್ ತಿರುಗಿಸಿದರೆ ಮತ್ತೆ ಕುಣಿಯುತ್ತೆ. ಗಾಳಿ ಬೀಸಿದರೆ ನೋಡುವುದೇ ಬೇಡ. ಎರಡು ರಾತ್ರಿ ಹೀಗಾದರೆ ಆಸೆಯೇ ಹೋಗಿಬಿಡುತ್ತೆ.

ಇಲ್ಲಿ ಬರೆದಿರುವುದು ಅಂಥದ್ದೇ ಒಂದು ಟೆಲಿಸ್ಕೋಪನ್ನು ರಿಪೇರಿ ಮಾಡಿದ ಕ್ರಮ. ಜಾಗ ಪುಣೆಯ ಧಾಯರಿ, ನಮ್ಮ ಸೊಸೈಟಿಯ ಟೆರೇಸ್. ಕೆಲಸ ಶುರುವಾಗಿದ್ದು 2025ರ ದೀಪಾವಳಿ ಕಳೆದ ಮೇಲೆ. ಅಳತೆ, ಖರ್ಚು, ಕೈಕೊಟ್ಟ ಪ್ರಯತ್ನ ಎಲ್ಲ ಹಾಕಿದ್ದೇನೆ. ನಿಮ್ಮ ಟ್ಯೂಬಿನ ಅಳತೆ ಬೇರೆ ಇದ್ದರೆ ಲೆಕ್ಕ ಮಾತ್ರ ಬದಲಾಗುತ್ತೆ, ಕ್ರಮ ಇದೇ.

1. ಕೈಗೆ ಬಂದ ಸಾಮಾನು (ನವೆಂಬರ್ ಮೊದಲ ವಾರ)

ಔಂಧ್‌ನ ಒಂದು ಮನೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು, ₹5,500. 114 ಮಿಮೀ ಕನ್ನಡಿ, 900 ಮಿಮೀ ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡುವ ತನಕದ ದೂರ), ನ್ಯೂಟೋನಿಯನ್ ಟ್ಯೂಬ್, ಅಂದರೆ ತಳದಲ್ಲಿ ದೊಡ್ಡ ಕನ್ನಡಿ, ಬಾಯಿ ಹತ್ತಿರ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಸಣ್ಣ ಕನ್ನಡಿ. ಜೊತೆಗೆ ತೆಳ್ಳಗಿನ ಅಲ್ಯೂಮಿನಿಯಂ ಕಾಲುಗಳ ಟ್ರೈಪಾಡ್, ಒಂದು ಸಣ್ಣ ಈಕ್ವಟೋರಿಯಲ್ ಮೌಂಟ್ (ಟ್ಯೂಬನ್ನು ಹಿಡಿದು ಗೇರ್‌ನಲ್ಲಿ ತಿರುಗಿಸುವ ಭಾಗ), 25 ಮಿಮೀ ಮತ್ತು 4 ಮಿಮೀ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್), ಬಿಂಬವನ್ನು 3 ಪಟ್ಟು ಹಿಗ್ಗಿಸುವ ಬಾರ್ಲೋ ಲೆನ್ಸ್.

ಪೆಟ್ಟಿಗೆ ಮೇಲೆ ದೊಡ್ಡದಾಗಿ 675 ಪಟ್ಟು ಅಂತ ಅಚ್ಚು ಹಾಕಿದ್ದರು. ಲೆಕ್ಕ ಸರಿಯೇ: ಫೋಕಲ್ ಲೆಂತ್ 900 ಭಾಗಿಸು ಐಪೀಸಿನ 4 ಅಂದರೆ 225, ಬಾರ್ಲೋ ಹಾಕಿದರೆ ಅದರ ಮೂರು ಪಟ್ಟು 675. ಆದರೆ ಕನ್ನಡಿಯ ಪ್ರತಿ ಮಿಲಿಮೀಟರಿಗೆ 2 ಪಟ್ಟು, ಅಂದರೆ ಇದಕ್ಕೆ 228 ದಾಟಿದರೆ ಬಿಂಬ ದೊಡ್ಡದಾಗುತ್ತೆ ಅಷ್ಟೇ, ಹೊಸದೇನೂ ಕಾಣುವುದಿಲ್ಲ. ನಮ್ಮ ಊರಿನ ಗಾಳಿಯಲ್ಲಿ 150 ಕೂಡ ಎಲ್ಲ ರಾತ್ರಿ ಸಿಗುವುದಿಲ್ಲ. ಹಾಗಾಗಿ 4 ಮಿಮೀ ಮತ್ತು ಬಾರ್ಲೋ ಎರಡನ್ನೂ ಡಬ್ಬಿಗೆ ಹಾಕಿ ಇಟ್ಟೆ. 25 ಮಿಮೀ ಕೊಡುವ 36 ಪಟ್ಟು ಇದೆಯಲ್ಲ, ಹೊಸಬರಿಗೆ ಅದೇ ಬಂಗಾರ.

ಕೊಳ್ಳುವ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಂಡಿದ್ದೆ. ಕೆಲವು 114 ಮಿಮೀ ಮಾಡೆಲ್‌ಗಳಲ್ಲಿ ಟ್ಯೂಬ್ ಅರ್ಧ ಮೀಟರ್ ಇರುತ್ತೆ, ಆದರೆ ಫೋಕಲ್ ಲೆಂತ್ 1000 ಅಂತ ಬರೆದಿರುತ್ತೆ. ಅವುಗಳಲ್ಲಿ ಫೋಕಸರ್ (ಐಪೀಸ್ ಕೂರುವ ಕೊಳವೆ) ಒಳಗೆ ಇನ್ನೊಂದು ಲೆನ್ಸ್ ಇರುತ್ತೆ. ಕನ್ನಡಿ ಸರಿಹೊಂದಿಸುವುದು ಅದರಲ್ಲಿ ದೊಡ್ಡ ಪಾಡು. ನನ್ನದು ಟ್ಯೂಬೇ 880 ಮಿಮೀ ಉದ್ದ. ಒಳಗೆ ಲೆನ್ಸ್ ಇಲ್ಲ, ಚಿಂತೆ ಇಲ್ಲ.

2. ಟ್ರೈಪಾಡನ್ನೇ ಗಟ್ಟಿ ಮಾಡುವ ಪ್ರಯತ್ನ

ಅಳೆಯುವ ದಾರಿ ಸುಲಭ. 36 ಪಟ್ಟಿನಲ್ಲಿ ದೂರದ ಒಂದು ದೀಪವನ್ನು ಹಿಡಿಯಿರಿ. ಟ್ಯೂಬಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ. ಬಿಂಬ ನಿಲ್ಲುವ ತನಕ ಸೆಕೆಂಡ್ ಎಣಿಸಿ. ಮೊದಲ ದಿನ 8 ಸೆಕೆಂಡ್ ಬಂತು.

ಟ್ರೈಪಾಡಿನ ನಡುವೆ ಇಟ್ಟಿಗೆ ತುಂಬಿದ ಚೀಲ ತೂಗುಹಾಕಿದೆ: 5 ಸೆಕೆಂಡ್. ಕಾಲುಗಳನ್ನು ಪೂರ್ತಿ ಒಳಗೆ ತಳ್ಳಿ ಗಿಡ್ಡ ಮಾಡಿದೆ: 4 ಸೆಕೆಂಡ್. ಕಾಲುಗಳ ಒಳಗೆ ಒಣಗಿದ ಮರಳು ತುಂಬಿ ಎಂ-ಸೀಲ್ ಹಚ್ಚಿದೆ. ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಆಗಲಿಲ್ಲ. ಕಾರಣ ಕಾಲುಗಳಲ್ಲಿ ಇರಲಿಲ್ಲ, ಮೇಲಿನ ಮೌಂಟ್‌ನ ಗೇರ್‌ನಲ್ಲೇ ಆಟ ಇತ್ತು. ಹಲ್ಲು ಸವೆದ ಗೇರನ್ನು ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ. ಇಷ್ಟಕ್ಕೇ ಇದನ್ನು ಕೈಬಿಟ್ಟೆ. ನಿಮ್ಮದೂ ಹೀಗೇ ಇದ್ದರೆ ಮರಳು ತುಂಬುವ ಗೋಜಿಗೆ ಹೋಗಬೇಡಿ. ಮೊದಲು ಟ್ಯೂಬ್ ಹಿಡಿದು ಅಲ್ಲಾಡಿಸಿ, ಯಾವ ಜಾಯಿಂಟ್ ಕುಣಿಯುತ್ತೆ ಅಂತ ನೋಡಿ.

3. ಡಾಬ್ಸೋನಿಯನ್ ಪೀಠದ ಅಳತೆ

ಇನ್ನುಳಿದ ದಾರಿ ಪ್ಲೈವುಡ್ ಪೆಟ್ಟಿಗೆ. ಈ ಪೀಠಕ್ಕೆ ಹೆಸರು ಬಂದಿದ್ದು ಜಾನ್ ಡಾಬ್ಸನ್ ಅವರಿಂದ. ಅವರು 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಆಶ್ರಮ ಸೇರಿ, ಆಮೇಲೆ ಸ್ಯಾಕ್ರಮೆಂಟೋದ ಆಶ್ರಮಕ್ಕೆ ಹೋಗಿ, 1967ರ ತನಕ ಸನ್ಯಾಸಿಯಾಗಿದ್ದವರು. ಕೈಯಲ್ಲಿ ಕಾಸಿಲ್ಲದೆ, ಹಡಗಿನ ಕಿಟಕಿ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಬೀದಿಯಲ್ಲಿ ಹೋಗುವವರಿಗೆಲ್ಲ ಆಕಾಶ ತೋರಿಸಿದವರು. ನಮ್ಮಂಥವರು ಇವತ್ತು ಅಗ್ಗದಲ್ಲಿ ನಕ್ಷತ್ರ ನೋಡುತ್ತಿದ್ದೇವೆ ಅಂದರೆ ಅದರಲ್ಲಿ ಅವರ ಪಾಲು ದೊಡ್ಡದು.

ಇದರಲ್ಲಿ ಗೇರ್ ಇಲ್ಲ, ಬೇರಿಂಗ್ ಇಲ್ಲ. ಟೆಫ್ಲಾನ್ ತುಂಡಿನ ಮೇಲೆ ಸನ್‌ಮೈಕಾ ಜಾರುತ್ತೆ, ಅಷ್ಟೇ.

ಮೊದಲ ಅಳತೆ ತೂಕದ ನಡುಬಿಂದು. ಐಪೀಸ್, ಫೈಂಡರ್ (ಗುರಿ ಹಿಡಿಯಲು ಟ್ಯೂಬಿನ ಮೇಲಿರುವ ಸಣ್ಣ ದುರ್ಬೀನು) ಎಲ್ಲ ಹಾಕಿ, ಮುಚ್ಚಳ ತೆಗೆದು, ಟ್ಯೂಬನ್ನು ಲಟ್ಟಣಿಗೆ ಮೇಲೆ ಅಡ್ಡ ಇಟ್ಟು ನೋಡಿದೆ. ಕನ್ನಡಿ ತುದಿಯಿಂದ 390 ಮಿಮೀಗೆ ಸಮ ನಿಂತಿತು. ಟ್ಯೂಬಿನ ಹೊರವ್ಯಾಸ 144 ಮಿಮೀ.

ಟ್ಯೂಬ್ ಹಿಡಿಯುವ ತೊಟ್ಟಿಲು 12 ಮಿಮೀ ಪ್ಲೈನಲ್ಲಿ: ಒಳಗೆ 150 ಮಿಮೀ ಚೌಕ, ಉದ್ದ 250 ಮಿಮೀ. ನಾಲ್ಕೂ ಕಡೆ 3 ಮಿಮೀ ಫೋಮ್ ಅಂಟಿಸಿದರೆ ಟ್ಯೂಬ್ ಬಿಗಿಯಾಗಿ ಕೂರುತ್ತೆ, ಒತ್ತಿದರೆ ಹಿಂದೆ ಮುಂದೆ ಜರುಗುತ್ತೆ. ತೊಟ್ಟಿಲಿನ ಎರಡೂ ಪಕ್ಕಕ್ಕೆ 110 ಮಿಮೀ ಪಿವಿಸಿ ಪೈಪಿನ ಎಂಡ್ ಕ್ಯಾಪ್. ಇವೇ ಮೇಲೆ ಕೆಳಗೆ ತಿರುಗುವ ಚಕ್ರ. ತಳ ಚಪ್ಪಟೆ ಇರುವ ಕ್ಯಾಪ್ ಕೇಳಿ ತನ್ನಿ, ಉಬ್ಬಿದ್ದರೆ ಬೋಲ್ಟ್ ಸರಿಯಾಗಿ ಕೂರುವುದಿಲ್ಲ.

ಹೊರಪೆಟ್ಟಿಗೆ 18 ಮಿಮೀ ಬಿಡಬ್ಲ್ಯೂಆರ್ (ನೀರು ತಡೆಯುವ) ಪ್ಲೈ: ಪಕ್ಕದ ಹಲಗೆ ಎರಡು, 300 × 400 ಮಿಮೀ. ಮುಂದಿನ ಹಲಗೆ 180 × 250. ತಳಕ್ಕೆ 400 ಮಿಮೀ ವ್ಯಾಸದ ದುಂಡು ಹಲಗೆ ಎರಡು: ಕೆಳಗಿನದು ನೆಲದ ಮೇಲೆ ನಿಲ್ಲುವುದು, ಮೇಲಿನದು ಪೆಟ್ಟಿಗೆ ಜೊತೆ ತಿರುಗುವುದು. ಇಷ್ಟೂ 4 × 2 ಅಡಿಯ ಒಂದು ತುಂಡಿನಲ್ಲಿ ಬರುತ್ತೆ. ಮೊದಲೇ ಪೇಪರಿನಲ್ಲಿ ಜೋಡಿಸಿ ನೋಡಿದರೆ ದುಡ್ಡು ಉಳಿಯುತ್ತೆ.

4. ಕೊಯ್ಯುವುದು, ಜೋಡಿಸುವುದು (ನವೆಂಬರ್ ಮೂರನೇ ವಾರ)

ಪ್ಲೈ ತಂದಿದ್ದು ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಿಂದ. ಕೊಯ್ದುಕೊಟ್ಟವರು ನಮ್ಮ ಗಲ್ಲಿಯಲ್ಲೇ ಇರುವ ಬಡಗಿ ಕಾಕಾ, ವಿಜಯಪುರ ಕಡೆಯವರು. ಚಿತ್ರ ನೋಡಿದ ಕೂಡಲೇ ಕೇಳಿದರು: "ಸರ, ಇದು ತೋಪಿನ ಬಂಡಿ ಇದ್ದಂಗ ಐತಲ್ರೀ. ಎಷ್ಟು ಭಾರ ಹೊರಬೇಕು?" ಟ್ಯೂಬ್ ನಾಲ್ಕು ಕೆಜಿ ಒಳಗೆ ಅಂದೆ. "ಹಂಗಾದ್ರ ಭಾರದ ಕೆಲಸ ಅಲ್ಲ, ಮೂಲಿ ಕೆಲಸ" ಅಂದರು.

ಆ ಮಾತು ಪೂರ್ತಿ ನಿಜ. ಪೆಟ್ಟಿಗೆಯ ಮೂಲೆ ನೇರ ಇಲ್ಲದಿದ್ದರೆ ಎರಡು ಕ್ಯಾಪ್ ಒಂದೇ ಮಟ್ಟದಲ್ಲಿ ಕೂರುವುದಿಲ್ಲ, ಟ್ಯೂಬ್ ಒಂದು ಕಡೆ ಉಜ್ಜುತ್ತೆ. ಕಾಕಾ ಸ್ಕ್ರೂ ಬಿಗಿಯುವ ಮುಂಚೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಬರುವ ತನಕ ತಟ್ಟಿ ತಟ್ಟಿ ಕೂರಿಸಿದರು. ದುಂಡು ಹಲಗೆಗೆ ಅವರ ಉಪಾಯ ಇನ್ನೂ ಚೆನ್ನ: ನಡುವೆ ಒಂದು ಮೊಳೆ, ಅದಕ್ಕೆ ಸಿಕ್ಕಿಸಿದ ಒಂದು ಪಟ್ಟಿ, ಪಟ್ಟಿಯ ಇನ್ನೊಂದು ತುದಿಗೆ ಜಿಗ್‌ಸಾ. ಸುತ್ತಿಸಿದರೆ ಸುಂದರವಾದ ದುಂಡು.

ಪಕ್ಕದ ಹಲಗೆಗಳ ಮೇಲಂಚಿನಲ್ಲಿ 62 ಮಿಮೀ ತ್ರಿಜ್ಯದ ಅರ್ಧ ವೃತ್ತ ಕೊಯ್ದಿದ್ದು. ಕ್ಯಾಪಿನ ಹೊರವ್ಯಾಸ 118, ಅರ್ಧ 59, ಅದಕ್ಕೆ ಟೆಫ್ಲಾನ್ ದಪ್ಪ 3 ಸೇರಿಸಿದರೆ 62.

ಫೆವಿಕಾಲ್ ಹಚ್ಚಿ, ಸ್ಕ್ರೂ ಹಾಕಿ, ಒಂದು ರಾತ್ರಿ ಬಿಟ್ಟು ಟ್ಯೂಬ್ ಕೂರಿಸಿದಾಗ ಒಂದು ತೊಡಕು ಬಂತು. ಟ್ಯೂಬನ್ನು ನೆತ್ತಿಯ ಕಡೆ ಎತ್ತಿದರೆ ಹಿಂಭಾಗ ತಳಕ್ಕೆ ಬಡಿಯುತ್ತಿತ್ತು. ಟ್ಯೂಬಿನ ಅಂಚಿನ ತನಕ 397 ಮಿಮೀ ಬೇಕಿತ್ತು, ನಾವು 400 ಕೊಟ್ಟಿದ್ದೆವು. ಆದರೆ ಕನ್ನಡಿ ಹಿಂದಿನ ಸ್ಕ್ರೂಗಳು ಇನ್ನೂ 14 ಮಿಮೀ ಹೊರಗೆ ಚಾಚಿರುತ್ತವೆ. ಅವು ಅಳತೆಯಲ್ಲಿ ಸೇರಿರಲಿಲ್ಲ. ಹಲಗೆ ಹೊಸದಾಗಿ ಕೊಯ್ಯಲಿಲ್ಲ. ಉಳಿದಿದ್ದ 18 ಮಿಮೀ ಪ್ಲೈನ ಪಟ್ಟಿಗಳನ್ನು ಪಕ್ಕದ ಹಲಗೆಗಳ ಕೆಳಗೆ ಕೊಟ್ಟು 418ಕ್ಕೆ ಏರಿಸಿದೆವು. ನೀವು ಮಾಡುವುದಾದರೆ ಸ್ಕ್ರೂ ತುದಿಯಿಂದ ಅಳೆಯಿರಿ, ಮೇಲೆ 15 ಮಿಮೀ ಜಾಸ್ತಿ ಇಡಿ.

5. ಜಾರಿಕೆ: ಅತಿ ಹೆಚ್ಚು ಹೊತ್ತು ತಿಂದ ಕೆಲಸ

ಪೀಠ ಒಳ್ಳೆಯದೋ ಅಲ್ಲವೋ ಅಂತ ತೀರ್ಮಾನ ಆಗುವುದು ಇಲ್ಲೇ. ಒಂದೇ ಬೆರಳಲ್ಲಿ ತಳ್ಳಿದರೆ ಹೊರಡಬೇಕು, ಬೆರಳು ತೆಗೆದ ಕೂಡಲೇ ಅಲ್ಲೇ ನಿಲ್ಲಬೇಕು. ಅಂಗಡಿಯವನು ಊಟದ ಟೇಬಲ್ ಮೇಲೆ ತಿರುಗುವ ತಟ್ಟೆಗೆ ಹಾಕುವ ಬಾಲ್ ಬೇರಿಂಗ್ ತೋರಿಸಿದ. ಅದು ಬೇಡ. ಸಣ್ಣ ಗಾಳಿಗೂ ತಾನೇ ತಿರುಗುತ್ತೆ.

ಮೊದಲು ಕುರ್ಚಿ ಕಾಲಿಗೆ ಅಂಟಿಸುವ ಫೆಲ್ಟ್ ತುಂಡು ಹಾಕಿ ನೋಡಿದೆ, ಮನೆಯಲ್ಲೇ ಇತ್ತು. ಜಾರಿತು, ಆದರೆ ಕೈ ಬಿಟ್ಟಾಗ ಟ್ಯೂಬ್ ಸ್ವಲ್ಪ ಹಿಂದಕ್ಕೆ ಬರುತ್ತಿತ್ತು. ಫೆಲ್ಟ್ ಮೆತ್ತಗೆ, ಅದು ವಾಲಿ ಮತ್ತೆ ನೆಟ್ಟಗಾಗುತ್ತೆ. ಹೊಸದಾಗಿ ಕೊಂಡ 10 ಮಿಮೀ ಐಪೀಸ್ ಕೊಡುವ 90 ಪಟ್ಟಿನಲ್ಲಿ ಗುರು ಗ್ರಹ ಪ್ರತಿ ಸಲ ಜಾರಿ ಹೋಯಿತು.

ಆಮೇಲೆ 3 ಮಿಮೀ ಟೆಫ್ಲಾನ್ ಶೀಟ್ ತಂದೆ, 50 × 50 ಮಿಮೀ ತುಂಡು ಮೂರು, ಮೇಲೆ ನುಣುಪಾದ ಗ್ಲಾಸಿ ಸನ್‌ಮೈಕಾ. ನುಣುಪಾಗಿದ್ದಷ್ಟೂ ಚೆನ್ನಾಗಿ ಜಾರುತ್ತೆ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ಆಗಿದ್ದು ಉಲ್ಟಾ. ಅಂಟಿಕೊಂಡು ನಿಲ್ಲುತ್ತಿತ್ತು, ಜೋರಾಗಿ ತಳ್ಳಿದರೆ ಧಡಕ್ಕನೆ ಹಾರುತ್ತಿತ್ತು.

ಎರಡು ಬದಲಾವಣೆ ಮಾಡಿದೆ. ಒಂದು, ತುಂಡುಗಳನ್ನು 20 × 20 ಮಿಮೀಗೆ ಇಳಿಸಿದೆ. ಹಗುರ ಟ್ಯೂಬಿಗೆ ಸಣ್ಣ ತುಂಡೇ ಬೇಕು, ಒತ್ತಡ ಒಂದೇ ಕಡೆ ಬಿದ್ದರೆ ಟೆಫ್ಲಾನ್ ಚೆನ್ನಾಗಿ ಜಾರುತ್ತೆ. ಎರಡು, ಗ್ಲಾಸಿ ತೆಗೆದು ಸಣ್ಣ ಸಣ್ಣ ಉಬ್ಬು ತಗ್ಗು ಇರುವ ಟೆಕ್ಸ್ಚರ್ ಸನ್‌ಮೈಕಾ ಅಂಟಿಸಿದೆ. ಪ್ಲೈ ಅಂಗಡಿಯಲ್ಲಿ ತುಂಡು ಸನ್‌ಮೈಕಾ ಕಡಿಮೆಗೆ ಕೊಡುತ್ತಾರೆ. ಅಷ್ಟೇ, ಚಲನೆ ಪೂರ್ತಿ ಬೇರೆ ಆಯಿತು. ಅದರ ಮೇಲೆ ಮೇಣ, ಎಣ್ಣೆ ಏನೂ ಹಚ್ಚಬೇಡಿ, ಧೂಳು ಹಿಡಿಯುತ್ತೆ.

ಮೂರು ಟೆಫ್ಲಾನ್ ತುಂಡುಗಳು ಸರಿಯಾಗಿ ಮೂರು ರಬ್ಬರ್ ಕಾಲುಗಳ ಮೇಲೇ ಬರಬೇಕು. ನಡುವೆ ಬಂದರೆ ಹಲಗೆ ಬಾಗಿ ಅಲುಗುತ್ತೆ. ಟೆಫ್ಲಾನ್ ಸಾಮಾನ್ಯ ಅಂಟಿಗೆ ಹಿಡಿಯುವುದಿಲ್ಲ. ಸಣ್ಣ ಮೊಳೆ ಹೊಡೆದು, ತಲೆಯನ್ನು ಟೆಫ್ಲಾನ್ ಮಟ್ಟಕ್ಕಿಂತ ಒಳಗೆ ಇಳಿಸಿ. ಇಲ್ಲದಿದ್ದರೆ ಸನ್‌ಮೈಕಾ ಗೀರಿ ಹೋಗುತ್ತೆ. ನಡುವಿನ ಬೋಲ್ಟ್ 10 ಮಿಮೀ, ಲಾಕ್ ನಟ್ ಜೊತೆ. ಬಿಗಿ ಮಾಡಬಾರದು, ಜಾಗ ಬಿಟ್ಟು ಹೋಗದಂತೆ ಹಿಡಿದರೆ ಸಾಕು.

ತಟ್ಟಿ ಎಣಿಸುವ ಪರೀಕ್ಷೆ ಮತ್ತೆ ಮಾಡಿದೆ. ಒಂದು ಸೆಕೆಂಡೂ ಆಗುವುದಿಲ್ಲ, ಬಿಂಬ ನಿಂತುಬಿಡುತ್ತೆ.

6. ಕನ್ನಡಿ ತೊಳೆದು ಸರಿಹೊಂದಿಸಿದ್ದು

ಪುಣೆಯ ನಾಲ್ಕು ತಿಂಗಳ ಮಳೆಗಾಲದಲ್ಲಿ ಮುಚ್ಚಿಟ್ಟ ಕನ್ನಡಿ ಮೇಲೆ ಬೂಸಿನ ಚುಕ್ಕೆ ಬರುತ್ತೆ. ಇದರ ಮೇಲೂ ಇತ್ತು. ಸ್ವಲ್ಪ ಧೂಳಿದ್ದರೆ ಮುಟ್ಟಲೇಬೇಡಿ, ಧೂಳಿನಿಂದ ನೋಟ ಕೆಡುವುದಿಲ್ಲ. ಬೂಸು ಇದ್ದರೆ ಮಾತ್ರ ತೊಳೆಯಿರಿ.

ಮೊದಲು ತಣ್ಣೀರು ಹರಿಬಿಟ್ಟು ಮರಳು ಕಣ ಇಳಿಸಿದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ನೀರಿನಲ್ಲಿ ಹತ್ತಿ ಅದ್ದಿ, ಒತ್ತದೆ ಹತ್ತಿಯ ಭಾರಕ್ಕೇ ಬಿಟ್ಟು ಎಳೆದೆ. ಒಂದು ಎಳೆತಕ್ಕೆ ಒಂದು ಹತ್ತಿ. ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು, ಗೋಡೆಗೆ ಓರೆಯಾಗಿ ನಿಲ್ಲಿಸಿ ಒಣಗಿಸಿದೆ. ಬಟ್ಟೆಯಲ್ಲಿ ಒರೆಸಿದರೆ ಲೇಪನ ಹೋಗುತ್ತೆ, ಮತ್ತೆ ಬರುವುದಿಲ್ಲ.

ಕನ್ನಡಿ ಹೊರಗಿದ್ದಾಗಲೇ ಸರಿಯಾಗಿ ನಡುವೆ ಫೈಲಿನ ತೂತಿಗೆ ಅಂಟಿಸುವ ರಿಂಗ್ ಸ್ಟಿಕ್ಕರ್ ಹಾಕಿದೆ. ಆ ಜಾಗ ಸಣ್ಣ ಕನ್ನಡಿಯ ನೆರಳಿನಲ್ಲೇ ಇರುತ್ತೆ, ಬೆಳಕು ಕಡಿಮೆ ಆಗುವುದಿಲ್ಲ. ಫೋಕಸರಿನ ಪ್ಲಾಸ್ಟಿಕ್ ಮುಚ್ಚಳದ ನಡುವೆ 2 ಮಿಮೀ ತೂತು ಕೊರೆದೆ. ಸರಿಹೊಂದಿಸಲು ಬೇಕಾದ ಉಪಕರಣ ಅಷ್ಟೇ, ಲೇಸರ್ ಏನೂ ಬೇಡ. ತೂತಿನಿಂದ ನೋಡುತ್ತಾ ಮೊದಲು ಸಣ್ಣ ಕನ್ನಡಿಯನ್ನು ತಿರುಗಿಸಿ, ದೊಡ್ಡ ಕನ್ನಡಿಯ ಮೂರೂ ಕ್ಲಿಪ್ ಕಾಣುವ ಹಾಗೆ ಮಾಡಿದೆ. ಆಮೇಲೆ ಹಿಂದಿನ ಸ್ಕ್ರೂ ತಿರುಗಿಸಿ, ತೂತಿನ ಬಿಂಬ ರಿಂಗ್ ಒಳಗೆ ಬರುವ ತನಕ ಹೊಂದಿಸಿದೆ. ಸಣ್ಣ ಕನ್ನಡಿಯ ಕೆಲಸ ಮಾಡುವಾಗ ಟ್ಯೂಬ್ ಅಡ್ಡವೇ ಇರಲಿ. ಅಲೆನ್ ಕೀ ಕೈಜಾರಿದರೆ ನೇರ ಕನ್ನಡಿ ಮೇಲೆ ಬೀಳಬಾರದು.

ಕೊನೆಯ ಪರೀಕ್ಷೆ ಧ್ರುವ ನಕ್ಷತ್ರದ ಮೇಲೆ. ಪುಣೆಯಿಂದ ಅದು ಉತ್ತರಕ್ಕೆ ಸುಮಾರು 18.5 ಡಿಗ್ರಿ ಎತ್ತರದಲ್ಲೇ ನಿಂತಿರುತ್ತೆ, ಜಾರುವುದಿಲ್ಲ. ಫೋಕಸ್ ಸ್ವಲ್ಪ ಕೆಡಿಸಿದರೆ ಬೆಳಕಿನ ಬಳೆಗಳು ಕಾಣುತ್ತವೆ. ಅವು ಒಂದೇ ನಡುವಿನ ಸುತ್ತ ಇದ್ದರೆ ಕನ್ನಡಿ ಸರಿ ಇದೆ.

7. ಫೈಂಡರ್ ಮತ್ತು ತೂಕ

ಜೊತೆಗೆ ಬಂದಿದ್ದ ಸಣ್ಣ ಫೈಂಡರ್‌ನಲ್ಲಿ ಚಂದ್ರನೇ ಮಸುಕು. ಅದನ್ನು ತೆಗೆದು, ಗಾಜಿನ ಮೇಲೆ ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಸುವ ರೆಡ್ ಡಾಟ್ ಫೈಂಡರ್ ಹಾಕಿದೆ. ಹಗಲಲ್ಲೇ ಸಿಂಹಗಡದ ಮೇಲಿನ ಟಿವಿ ಟವರ್ ತುದಿಯನ್ನು 25 ಮಿಮೀ ಐಪೀಸ್‌ನಲ್ಲಿ ನಡುವೆ ತಂದು, ಕೆಂಪು ಚುಕ್ಕೆಯನ್ನೂ ಅಲ್ಲೇ ಕೂರಿಸಿದೆ. ಈ ಕೆಲಸ ಸೂರ್ಯ ಬೆನ್ನ ಹಿಂದೆ ಇರುವಾಗ ಮಾಡಿ. ಮಕ್ಕಳು ಪಕ್ಕದಲ್ಲಿದ್ದರೆ ಟ್ಯೂಬ್ ಬಿಟ್ಟು ಕದಲಬೇಡಿ. ಸೂರ್ಯನ ಕಡೆ ಒಮ್ಮೆ ತಿರುಗಿದರೂ ಕಣ್ಣು ಹೋಗುತ್ತೆ.

ಹೊಸ ಫೈಂಡರ್ ಹಗುರ, ಹಾಗಾಗಿ ಕನ್ನಡಿ ತುದಿ ಕೆಳಗೆ ಎಳೆಯತೊಡಗಿತು. ತೊಟ್ಟಿಲಿನಲ್ಲಿ ಟ್ಯೂಬನ್ನು ಮುಂದಕ್ಕೆ ಜರುಗಿಸಿದೆ, ಇನ್ನುಳಿದ ಸ್ವಲ್ಪಕ್ಕೆ ಜುನಾ ಬಜಾರ್‌ನಲ್ಲಿ ತಂದ ಹಳೇ ಸ್ಪೀಕರಿನ ಮ್ಯಾಗ್ನೆಟ್. ಟ್ಯೂಬ್ ತಗಡಿನದು, ಸುಮ್ನೆ ಅಂಟಿಸಿದರೆ ಸಾಕು.

8. ಟೆರೇಸ್ ಮೇಲೆ (ಡಿಸೆಂಬರ್, ಜನವರಿ)

ಕಾಂಕ್ರೀಟ್ ಟೆರೇಸ್ ಹಗಲೆಲ್ಲ ಬಿಸಿಲು ಹೀರಿ ರಾತ್ರಿ ಬಿಡುತ್ತೆ. ಏಳು ಗಂಟೆಗೆ ನೋಡಿದರೆ ಎಲ್ಲ ಕುದಿಯುತ್ತಿರುತ್ತೆ. ಹತ್ತರ ಮೇಲೆ ಚಿತ್ರ ನಿಲ್ಲುತ್ತೆ. ಟ್ಯೂಬನ್ನು ಅರ್ಧ ಗಂಟೆ ಮುಂಚೆ ಹೊರಗಿಟ್ಟು ತಣ್ಣಗಾಗಲು ಬಿಡಿ. ನೀರಿನ ಟ್ಯಾಂಕಿನ ನೆರಳಿಗೆ ಪೀಠ ಜರುಗಿಸಿದರೆ ಸೊಸೈಟಿಯ ಹ್ಯಾಲೊಜೆನ್ ದೀಪ ಕಣ್ಣಿಗೆ ಬೀಳುವುದಿಲ್ಲ.

ಶನಿಯನ್ನು ಮೊದಲು ಹಿಡಿದೆ. ಆಗ ಬಳೆ ಒಂದು ತೆಳ್ಳನೆ ಗೆರೆ ಅಷ್ಟೇ. 2025ರ ಮಾರ್ಚ್‌ನಲ್ಲಿ ಬಳೆಯ ಅಂಚು ನೇರ ನಮ್ಮ ಕಡೆ ತಿರುಗಿತ್ತು, ಇನ್ನೂ ಹೆಚ್ಚು ವಾಲಿರಲಿಲ್ಲ. ಹೊಸಬರು ಇದನ್ನು ನೋಡಿ ಟೆಲಿಸ್ಕೋಪ್ ಕೆಟ್ಟಿದೆ ಅಂತ ತಿಳಿಯಬೇಡಿ. ವರ್ಷ ಕಳೆದಂತೆ ಬಳೆ ಅಗಲ ಆಗುತ್ತಾ ಹೋಗುತ್ತೆ.

ಗುರು ಆ ಚಳಿಗಾಲದ ರಾಜ. 2026ರ ಜನವರಿ 10ಕ್ಕೆ ಸೂರ್ಯನಿಗೆ ಸರಿ ಎದುರು ಬಂದಿದ್ದ, ರಾತ್ರಿಯಿಡೀ ಮಿಥುನ ರಾಶಿಯಲ್ಲಿ, ಪುನರ್ವಸು ಜೋಡಿಯ ಹತ್ತಿರ. ಹೊಸ 10 ಮಿಮೀ ಐಪೀಸ್‌ನಲ್ಲಿ 90 ಪಟ್ಟು: ಎರಡು ಕಂದು ಪಟ್ಟಿ ಸ್ಪಷ್ಟ, ನಾಲ್ಕು ಚಂದ್ರ ಸಾಲಾಗಿ. ಗೆಲಿಲಿಯೋ 1610ರ ಜನವರಿಯಲ್ಲಿ ಕಂಡಿದ್ದೂ ಇವನ್ನೇ. ಗ್ರಹ ಐಪೀಸ್‌ನ ಒಂದು ಅಂಚಿನಿಂದ ಇನ್ನೊಂದಕ್ಕೆ ದಾಟಲು ಎರಡು ನಿಮಿಷದ ಮೇಲೆ ಹಿಡಿಯುತ್ತೆ. ಆ ಹೊತ್ತೂ ಅದು ಅಲುಗದೆ ಸಾಗಿತು. ಮಗಳು ಕಣ್ಣು ತೆಗೆಯದೆ ನೋಡಿ, ಒಂದು ಚಂದ್ರ ಗುರುವಿಗೆ ಅಂಟಿಕೊಂಡಿದೆ ಅಂದಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಅದು ಇರಲಿಲ್ಲ, ಗುರುವಿನ ಹಿಂದೆ ಹೋಗಿತ್ತು. ಹಳೇ ಟ್ರೈಪಾಡ್ ಮೇಲೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

36 ಪಟ್ಟಿನಲ್ಲಿ ಕೃತ್ತಿಕೆ ಐಪೀಸ್ ತುಂಬಿತು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಖಡ್ಗದಲ್ಲಿರುವ ನೀಹಾರಿಕೆ, ಸುಮಾರು 1,300 ಜ್ಯೋತಿರ್ವರ್ಷ ದೂರದ್ದು, ಬೂದು ಮೋಡದ ಹಾಗೆ ಕಂಡಿತು. ಫೋಟೋದ ಕೆಂಪು ನೀಲಿ ಬಣ್ಣ ಕಣ್ಣಿಗೆ ಕಾಣುವುದಿಲ್ಲ. ಅದರ ನಡುವಿನ ನಾಲ್ಕು ಚುಕ್ಕೆ 90 ಪಟ್ಟಿನಲ್ಲಿ ಬಿಡಿ ಬಿಡಿಯಾಗಿ ಕಂಡವು.

ಧಾರವಾಡದಿಂದ ಬಂದಿದ್ದ ಅವ್ವನಿಗೆ ಆ ಭಾಗ ತೋರಿಸುತ್ತಾ, ಮೇಲಿನ ಮೂರು ಸಣ್ಣ ಚುಕ್ಕೆ ಮೃಗಶಿರಾ, ಪಕ್ಕದ ಕೆಂಪು ಚುಕ್ಕೆ ಆರಿದ್ರಾ ಅಂದೆ. "ಮಳಿ ಕೊಡೂ ಮೃಗಶಿರಾ ಇದೇ ಏನ? ಇಷ್ಟು ವರ್ಷ ಹೆಸರು ಹೇಳೇನಿ, ಕಂಡಿದ್ದು ಇವತ್ತ" ಅಂದಳು. ಕಾಣದಿರುವುದಕ್ಕೆ ಕಾರಣ ಇದೆ. ಜೂನ್‌ನಲ್ಲಿ ಆ ಮಳೆ ಬೀಳುವಾಗ ಸೂರ್ಯ ಆ ನಕ್ಷತ್ರದಲ್ಲೇ ಇರುತ್ತಾನೆ, ಚುಕ್ಕೆ ಹಗಲಿನಲ್ಲಿ ಮುಚ್ಚಿಹೋಗಿರುತ್ತೆ. ಅದು ರಾತ್ರಿ ತಲೆ ಮೇಲೆ ಬರುವುದು ಈ ಚಳಿಯಲ್ಲಿ.

ಆಂಡ್ರೊಮಿಡಾ ಗ್ಯಾಲಕ್ಸಿ ಮಾತ್ರ ಧಾಯರಿಯಿಂದ ಒಂದು ಮಸುಕು ಕಲೆ. ನಗರದ ಬೆಳಕಿಗೆ ಯಾವ ಪೀಠವೂ ಮದ್ದಲ್ಲ. ಅದಕ್ಕೆ ಪಾನಶೆತ್ ಕಡೆ ಹೋಗಬೇಕು.

9. ಖರ್ಚು, ಮತ್ತು ಬಾಕಿ ಕೆಲಸ

18 ಮಿಮೀ ಪ್ಲೈ ₹900, 12 ಮಿಮೀ ತುಂಡು ₹250, ಕೊಯ್ಯುವ ಕೂಲಿ ₹800, ಟೆಫ್ಲಾನ್ ₹350, ಸನ್‌ಮೈಕಾ ₹100, ಎರಡು ಕ್ಯಾಪ್ ₹120, ಬೋಲ್ಟ್, ಸ್ಕ್ರೂ, ರಬ್ಬರ್ ಕಾಲು ₹180, ವಾರ್ನಿಶ್ ₹220. ಪೀಠಕ್ಕೆ ಒಟ್ಟು ₹2,920. ರೆಡ್ ಡಾಟ್ ₹1,400, 10 ಮಿಮೀ ಪ್ಲಾಸಲ್ ಐಪೀಸ್ ₹1,900. ಟೆಲಿಸ್ಕೋಪ್ ಸೇರಿ ₹11,720.

ಕೊಳ್ಳುವ ಮುಂಚೆ ಒಮ್ಮೆ ಬೇರೆಯವರ ಟೆಲಿಸ್ಕೋಪ್‌ನಲ್ಲಿ ನೋಡಿ ಅಂತ ಹೇಳುತ್ತೇನೆ. ಪುಣೆಯಲ್ಲಿ ಇದಕ್ಕೆ ಕೊರತೆ ಇಲ್ಲ. ಹವ್ಯಾಸಿ ಆಕಾಶ ವೀಕ್ಷಕರ ಸಂಘ ಜ್ಯೋತಿರ್ವಿದ್ಯಾ ಪರಿಸಂಸ್ಥಾ 1944ರಿಂದ ಇದೆ. ಖಗೋಳ ವಿಜ್ಞಾನಿ ಜಯಂತ ನಾರ್ಲೀಕರ್ ಕಟ್ಟಿದ ಖಗೋಳ ಸಂಶೋಧನಾ ಸಂಸ್ಥೆ ಐಯೂಕಾ ವಿಜ್ಞಾನ ದಿನಕ್ಕೆ, ಫೆಬ್ರವರಿ 28ರ ಸುಮಾರಿಗೆ, ಜನರಿಗೆ ಬಾಗಿಲು ತೆರೆಯುತ್ತೆ.

ಇನ್ನೂ ಮೂರು ಕೆಲಸ ಬಾಕಿ. ಇಬ್ಬನಿಗೆ ರೆಡ್ ಡಾಟ್ ಗಾಜು ಮಸುಕಾಗುತ್ತೆ, ಅದಕ್ಕೆ ಕಪ್ಪು ಫೋಮಿನ ಒಂದು ಕೊಳವೆ ಬೇಕು. ಮಳೆಗಾಲದ ಮುಂಚೆ ಪ್ಲೈನ ಕೊಯ್ದ ಅಂಚುಗಳಿಗೆ ಪಾಲಿಶ್ ಪೇಪರ್ ಹಾಕಿ ಇನ್ನೊಂದು ಕೋಟ್ ವಾರ್ನಿಶ್ ಹೊಡೆಯಬೇಕು. ಟ್ಯೂಬಿನ ಎರಡೂ ಬಾಯಿ ಮುಚ್ಚಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಮೇ ಕೊನೆಗೆ.